ಎರಡೂ ಹೆಣ್ಣೆಂದು ತಂದ ಇಲಿಗಳಲ್ಲಿ ಒಂದು ಬಸುರಿ: ಬಾಣಂತನಕ್ಕೆ ಸಲಹೆ ಬೇಕು

ಡೊಂಬಿವಲಿಯ ಧಾರವಾಡದವಳು · ಮೇ 26, ರಾತ್ರಿ 10.15

ಎಲ್ಲರಿಗೂ ನಮಸ್ಕಾರ. ಮೇ 10ರಂದು ಮಗಳ ಹುಟ್ಟುಹಬ್ಬಕ್ಕೆ ಒಂದು ಅಂಗಡಿಯಿಂದ ಎರಡು ಸಾಕು ಇಲಿಗಳನ್ನು ತಂದೆವು. ಎರಡೂ ಹೆಣ್ಣು, ಎರಡು ತಿಂಗಳಿನವು ಎಂದು ಅಂಗಡಿಯವರು ಹೇಳಿದ್ದರು. ಕಂದು ಬಣ್ಣದವಳಿಗೆ ರಾಗಿ, ಬಿಳಿಯದಕ್ಕೆ ಅವಲಕ್ಕಿ ಎಂದು ಮಗಳು ಹೆಸರಿಟ್ಟಳು. ನಾಲ್ಕು ದಿನಗಳಿಂದ ರಾಗಿಯ ಹೊಟ್ಟೆ ಎರಡೂ ಪಕ್ಕಕ್ಕೆ ಉಬ್ಬಿದೆ. ಮೇಲಿನಿಂದ ನೋಡಿದರೆ ತಂಬೂರಿಯ ಬುರುಡೆಯ ಹಾಗೆ ಕಾಣುತ್ತಾಳೆ. ಕಾಗದದ ಚೂರು ಸಿಕ್ಕಿದರೆ ಸಾಕು, ಬಾಯಲ್ಲಿ ಕಚ್ಚಿಕೊಂಡು ಮೂಲೆಗೆ ಓಡುತ್ತಾಳೆ. "ಇದು ಬಸುರಿ, ಅನುಮಾನವೇ ಬೇಡ" ಎಂದರು ನಮ್ಮ ಅತ್ತೆ.

ಮೂರನೆಯ ಮಹಡಿಯ ಸಣ್ಣ ಮನೆ. ಮುಂಬಯಿ ಕಡೆಯ ಸೆಕೆ ನಿಮಗೆ ಗೊತ್ತೇ ಇದೆ. ಮನೆಯಲ್ಲಿ ಮೊಟ್ಟೆ ಮಾಂಸ ಇಲ್ಲ. ನಮಗೆ ಏನೂ ತಿಳಿಯದು. ಇಬ್ಬರ ಚಿತ್ರಗಳನ್ನೂ ಹಾಕಿದ್ದೇನೆ, ದಯವಿಟ್ಟು ದಾರಿ ತೋರಿಸಿ.

ಕೊಥ್ರೂಡ್ ಇಲಿಮನೆ · ಮೇ 26, ರಾತ್ರಿ 10.50

ಅಕ್ಕ, ಓದಿದ ಕೂಡಲೇ ಬರೆಯುತ್ತಿದ್ದೇನೆ. ಬಿಳಿ ಇಲಿಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಬಾಲದ ಬುಡದಲ್ಲಿ ಕಾಣುವ ಎರಡು ಉಬ್ಬುಗಳು ವೃಷಣಗಳು. ಅವಲಕ್ಕಿ ಗಂಡು. ಈ ರಾತ್ರಿಯೇ ಅವನನ್ನು ಬೇರೆ ಇಡಿ, ಬೆಳಗಾಗಲಿ ಎಂದು ಕಾಯಬೇಡಿ. ಇನ್ನೊಂದು ಪಂಜರ ಇಲ್ಲದಿದ್ದರೆ ದೊಡ್ಡ ಪ್ಲಾಸ್ಟಿಕ್ ಡಬ್ಬದ ಮುಚ್ಚಳ ಕತ್ತರಿಸಿ ಜಾಲರಿ ಕಟ್ಟಿದರೂ ಸಾಕು.

ಇಲಿಯ ಬಸಿರು 21ರಿಂದ 23 ದಿನ. ಮರಿ ಹಾಕಿದ 24 ಗಂಟೆಯೊಳಗೆ ಹೆಣ್ಣಿಗೆ ಮತ್ತೆ ಬೆದೆ ಬರುತ್ತದೆ. ಆಗ ಗಂಡು ಜೊತೆಯಲ್ಲಿದ್ದರೆ ಒಂದು ಸೂಲಿನ ಮರಿಗಳಿಗೆ ಹಾಲೂಡಿಸುತ್ತಲೇ ಇನ್ನೊಂದು ಸೂಲನ್ನು ಹೊರಬೇಕಾಗುತ್ತದೆ. ಮೂಳೆ ಚರ್ಮವಾಗಿ ಸೊರಗಿದ ಅಂಥ ತಾಯಿಯೊಂದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆಣ್ಣಿಗೆ ನಾಲ್ಕೈದು ದಿನಕ್ಕೊಮ್ಮೆ ಬೆದೆ. ಮೇ 10ರ ನಂತರ ಕೂಡಿದ್ದರೆ ಮೇ 31ರಿಂದ ಜೂನ್ 7ರೊಳಗೆ ಹೆರಿಗೆ ನಿರೀಕ್ಷಿಸಿ. ಅಂಗಡಿಯಲ್ಲೇ ಬಸುರಾಗಿದ್ದರೆ ಇನ್ನೂ ಬೇಗ.

ರಾಗಿಯ ಪಂಜರ ತಂತಿಯದು, ಮೂರು ಅಂತಸ್ತಿನದು. ಅದನ್ನೂ ಬದಲಿಸಬೇಕು. ತುಂಬಿದ ಹೊಟ್ಟೆಯಲ್ಲಿ ಹತ್ತಿ ಬಿದ್ದರೆ ಕಷ್ಟ, ಮರಿಗಳು ಸರಳುಗಳ ಸಂದಿಯಲ್ಲಿ ನುಸುಳಿ ಹೊರಗೆ ಬೀಳುತ್ತವೆ. ನುಣುಪು ಗೋಡೆಯ, ಒಂದೇ ಅಂತಸ್ತಿನ ಡಬ್ಬವೇ ಒಳ್ಳೆಯದು.

ಮುಲುಂಡ್ ಓದುಗ · ಮೇ 26, ರಾತ್ರಿ 11.30

ಗಂಡನ್ನು ಬೇರೆ ಮಾಡುವುದು ಕ್ರೂರವಲ್ಲವೇ? ನಮ್ಮ ಮನೆಯಲ್ಲಿ ಗಂಡು ಇಲಿ ಮರಿಗಳನ್ನು ನೆಕ್ಕಿ, ಗೂಡಿನಲ್ಲಿ ಬೆಚ್ಚಗೆ ಮಲಗುತ್ತಿತ್ತು. ಇಲಿಗಳು ಒಂಟಿಯಾಗಿ ಬಾಳುವ ಜೀವಿಗಳಲ್ಲ.

ಪರೇಲ್ ನಿವೃತ್ತ · ಮೇ 27, ಬೆಳಿಗ್ಗೆ 6.20

ಮುಲುಂಡಿನವರ ಮಾತಿನಲ್ಲಿ ಸತ್ಯವಿದೆ, ಅನೇಕ ಗಂಡಿಲಿಗಳು ಒಳ್ಳೆಯ ತಂದೆಯರು. ತೊಂದರೆ ತಂದೆಯ ಗುಣದ್ದಲ್ಲ, ತಾಯಿಯ ಬೆದೆಯದ್ದು. ಆದ್ದರಿಂದ ಬೇರೆ ಇಡಲೇಬೇಕು. ಒಬ್ಬಂಟಿಯಾದ ಅವಲಕ್ಕಿಯನ್ನು ದಿನವೂ ತಾಸೆರಡು ತಾಸು ನೀವೇ ಹೆಗಲ ಮೇಲೆ ಹೊತ್ತು ತಿರುಗಿ. ಹೆರಿಗೆಯಾಗಿ ಐದು ವಾರದ ನಂತರ ಅವನಿಗೆ ಜೊತೆ ಸಿಗುತ್ತದೆ, ಆ ಮಾತು ಆಮೇಲೆ.

ತಂಗೀ, ನಾನು ಕುಂದಾಪುರದವನು. ಪರೇಲ್ ಕಡೆಯ ಒಂದು ಸಂಶೋಧನಾಲಯದ ಪ್ರಾಣಿಗೃಹದಲ್ಲಿ 31 ವರ್ಷ ದುಡಿದೆ. ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ 1906ರಲ್ಲಿ ಬೆಳೆಸತೊಡಗಿದ ಬಿಳಿ ಇಲಿಯ ತಳಿಯೇ ನನ್ನ ಕೈಯಲ್ಲಿ ಆಡಿದ್ದು. ಎಷ್ಟು ಬಾಣಂತನ ನೋಡಿದ್ದೇನೋ ಲೆಕ್ಕವಿಲ್ಲ. ಅಷ್ಟನ್ನೂ ನೋಡಿ ಕಲಿತದ್ದು ಇಷ್ಟೇ: ಹೆರಿಗೆಯ ಮೊದಲು ನಾವು ಮಾಡಬೇಕಾದ್ದು ಬಹಳ, ಹೆರಿಗೆಯ ನಂತರದ ಮೊದಲ ವಾರ ಮಾಡಬಾರದ್ದೇ ಬಹಳ.

ಗೂಡಿನಿಂದ ಶುರು ಮಾಡೋಣ. ಮುದ್ರಣವಿಲ್ಲದ ಮೆತ್ತನೆಯ ಕಾಗದವನ್ನು ಬೆರಳಗಲದ ಪಟ್ಟಿಗಳಾಗಿ ಹರಿದು ಕೈತುಂಬ ಕೊಡಿ, ಕಟ್ಟುವುದು ಅವಳ ಕೆಲಸ. ಪಾದರಕ್ಷೆ ಡಬ್ಬವೊಂದಕ್ಕೆ ಬಾಗಿಲು ಕೊರೆದು ಒಳಗಿಡಿ. ದೇವದಾರು, ಪೈನ್ ಮರದ ಹೊಟ್ಟು ಬೇಡ, ಅದರ ಘಾಟು ಶ್ವಾಸಕೋಶಕ್ಕೆ ಕೆಟ್ಟದ್ದು. ಹತ್ತಿ ಬೇಡ, ಎಳೆ ಬಿಚ್ಚುವ ಹಳೆಯ ಬಟ್ಟೆಯೂ ಬೇಡ.

ಸೆಕೆಯ ವಿಷಯ ನಮ್ಮ ಊರಿನಲ್ಲಿ ದೊಡ್ಡದು. ಇಲಿ ನಮ್ಮಂತೆ ಮೈ ಬೆವರಿ ತಂಪಾಗದು, ಬಾಲದ ಮೂಲಕ ಕಾವು ಬಿಡುತ್ತದೆ. 30 ಡಿಗ್ರಿ ದಾಟಿದರೆ ಬಸುರಿಗೆ ಕಷ್ಟ. ಆದರೆ ಹುಟ್ಟಿದ ಮರಿಗಳಿಗೆ ಮೈಯ ಕಾವನ್ನು ತಾವೇ ಕಾಯ್ದುಕೊಳ್ಳಲು ಬಾರದು, ಅವುಗಳಿಗೆ ಬೆಚ್ಚಗಿರಬೇಕು. ಎರಡನ್ನೂ ಒಂದೇ ಡಬ್ಬದಲ್ಲಿ ಸಾಧಿಸಬೇಕು. ಗೂಡು ಒಂದು ತುದಿಯಲ್ಲಿರಲಿ, ಇನ್ನೊಂದು ತುದಿಯಲ್ಲಿ ಕಡಪಾ ಕಲ್ಲಿನ ತುಂಡೊಂದನ್ನು ಹಾಸಿ. ಅಡುಗೆಮನೆ ಕಟ್ಟೆ ಮಾಡಿಸಿದಾಗ ಉಳಿದದ್ದು ಯಾರ ಮನೆಯಲ್ಲಾದರೂ ಬಿದ್ದಿರುತ್ತದೆ. ಹಾಲೂಡಿಸಿ ಎದ್ದು ಬಂದ ತಾಯಿ ಅದರ ಮೇಲೆ ಹೊಟ್ಟೆ ಚೆಲ್ಲಿ ಮಲಗುತ್ತಾಳೆ. ಫ್ಯಾನಿನ ಗಾಳಿ ನೇರವಾಗಿ ಗೂಡಿಗೆ ಬೀಳಬಾರದು.

ಇನ್ನು ಇರುವೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಕೂದಲಿಲ್ಲದ, ಹಾಲಿನ ವಾಸನೆಯ ಮರಿಗಳನ್ನು ಇರುವೆ ಹುಡುಕಿಕೊಂಡು ಬರುತ್ತದೆ. ಊರಿನಲ್ಲಿ ಮೊಸರಿನ ಜಾಲರಿ ಕಪಾಟಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸುತ್ತಿದ್ದರಲ್ಲ, ಹಾಗೆಯೇ ಡಬ್ಬವನ್ನು ಒಂದು ಸ್ಟೂಲಿನ ಮೇಲಿಟ್ಟು ಅದರ ಕಾಲುಗಳನ್ನು ನೀರಿನಲ್ಲಿಡಿ. ಸೊಳ್ಳೆಯಾಗದಂತೆ ನೀರು ದಿನವೂ ಬದಲಾಗಲಿ. ಇರುವೆಗೆ ಗೀಚುವ ಸೀಮೆಸುಣ್ಣ ವಿಷ, ಅದನ್ನು ಆ ಕೋಣೆಗೇ ತರಬೇಡಿ. ಮಳೆಗಾಲಕ್ಕೆ ಮುಂಚೆ ನಿಮ್ಮ ಸೊಸೈಟಿಯವರು ಔಷಧಿ ಸಿಂಪಡಿಸುವುದಿದ್ದರೆ ನಿಮ್ಮ ಮನೆಯನ್ನು ಬಿಡಲು ಈಗಲೇ ಬರೆದುಕೊಡಿ.

ಡೊಂಬಿವಲಿಯ ಧಾರವಾಡದವಳು · ಮೇ 27, ಮಧ್ಯಾಹ್ನ 2.05

ಹಿರಿಯರೇ, ನಿನ್ನೆ ರಾತ್ರಿಯೇ ಅವಲಕ್ಕಿಯನ್ನು ಬೇರೆ ಇಟ್ಟೆವು. ಕಡಪಾ ತುಂಡು ನೆಲಮಹಡಿಯ ಮನೆಯಿಂದ ಸಿಕ್ಕಿತು. ಅತ್ತೆ ತಮ್ಮ ಹಳೆಯ ಇಳಕಲ್ ಸೀರೆಯನ್ನು ಗೂಡಿಗೆಂದು ಹರಿಯಲು ಕುಳಿತಿದ್ದರು. ನಿಮ್ಮ ಮಾತು ಓದಿ ಹೇಳಿದ ಮೇಲೆ ಅದನ್ನು ಮಡಚಿಟ್ಟು ಕಾಗದ ಹರಿಯುತ್ತಿದ್ದಾರೆ.

ಊಟ ಏನು ಕೊಡಲಿ? ಅಂಟಿನುಂಡೆ ಕೊಡಬಹುದೇ ಎಂದು ಅತ್ತೆ ಕೇಳುತ್ತಿದ್ದಾರೆ, ನಮ್ಮಲ್ಲಿ ಬಾಣಂತಿಗೆ ಅದೇ ತಾನೆ.

ವಾಸ್ಕೋ ಟೀಚರ್ · ಮೇ 27, ಸಂಜೆ 4.40

ಬಟ್ಟೆಯ ಎಳೆಯ ಬಗ್ಗೆ ಹಿರಿಯರು ಹೇಳಿದ್ದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಮೂರು ವರ್ಷಗಳ ಹಿಂದೆ ನಾನು ಗೂಡಿಗೆ ಹಳೆಯ ಟವೆಲ್ ಹಾಕಿದ್ದೆ. ಎಂಟನೆಯ ದಿನ ಒಂದು ಮರಿ ಗೂಡಿನಾಚೆ ಬರುವಾಗ ಟವೆಲನ್ನೂ ಎಳೆದುಕೊಂಡು ಬಂತು. ಹಿಂಗಾಲಿಗೆ ಒಂದೇ ಒಂದು ದಾರದ ಎಳೆ ಮೂರು ಸುತ್ತು ಬಿಗಿದಿತ್ತು, ಪಾದ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಉಗುರು ಕತ್ತರಿಯಿಂದ ಬಿಡಿಸಿದೆವು. ಜೀವ ಉಳಿಯಿತು, ಪಾದ ಉಳಿಯಲಿಲ್ಲ. ಆ ತಪ್ಪು ನನ್ನದು, ಇವತ್ತಿಗೂ ಮರೆತಿಲ್ಲ.

ಪರೇಲ್ ನಿವೃತ್ತ · ಮೇ 27, ರಾತ್ರಿ 8.30

ಅಂಟಿನುಂಡೆ ಬೇಡ ತಂಗೀ, ಬೆಲ್ಲ ತುಪ್ಪದಿಂದ ಕೊಬ್ಬಾಗುತ್ತದೆಯೇ ಹೊರತು ಅವಳಿಗೆ ಬೇಕಾದ ಪ್ರೋಟೀನ್ ಸಿಗದು. ಬೇಯಿಸಿದ ಮೊಟ್ಟೆಯ ಒಂದು ಹೋಳು ಎಲ್ಲಕ್ಕಿಂತ ಸುಲಭ. ಆಗದಿದ್ದರೆ ನೆನೆಸಿ ಬೇಯಿಸಿದ ಸೋಯಾ, ಉಪ್ಪು ಖಾರವಿಲ್ಲದ ಬೇಯಿಸಿದ ತೊಗರಿಬೇಳೆ, ಮೊಳಕೆ ಹೆಸರು, ಒಂದು ಚಮಚ ಮೊಸರು, ಸ್ವಲ್ಪ ಪನೀರ್. ಇವೆಲ್ಲ ಇಲಿಗಳ ಮಾಮೂಲಿ ಆಹಾರದ ಜೊತೆಗೆ, ಅದರ ಬದಲಿಗೆ ಅಲ್ಲ. ಹಸಿ ಒಣಕಾಳು, ಚಾಕೊಲೇಟು, ಹಸಿರು ಬಂದ ಆಲೂಗಡ್ಡೆ ಕೂಡದು. ಹಾಲೂಡಿಸುವಾಗ ನೀರು ವಿಪರೀತ ಕುಡಿಯುತ್ತಾಳೆ. ಬಾಟಲಿಯ ನಳಿಗೆಯ ತುದಿಯಲ್ಲಿರುವ ಉಕ್ಕಿನ ಗುಂಡು ಅಂಟಿಕೊಂಡರೆ ಬಾಟಲಿ ತುಂಬಿದ್ದರೂ ಅವಳಿಗೆ ನೀರಿಲ್ಲ. ದಿನಕ್ಕೆರಡು ಬಾರಿ ಬೆರಳಿನಿಂದ ಒತ್ತಿ ನೋಡಿ.

ಇಲಿ ನೋಡುವ ಪಶುವೈದ್ಯರನ್ನು ಈಗಲೇ ಹುಡುಕಿಟ್ಟುಕೊಳ್ಳಿ. ಅನೇಕರು ನಾಯಿ ಬೆಕ್ಕು ಬಿಟ್ಟು ಬೇರೆ ಮುಟ್ಟುವುದಿಲ್ಲ, ನಡುರಾತ್ರಿ ಫೋನ್ ಮಾಡುತ್ತ ಕೂರುವಂತಾಗಬಾರದು. ಹೆರಿಗೆ ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಎರಡು ಗಂಟೆ ಮುಕ್ಕಿದರೂ ಮರಿ ಹೊರಬರದಿದ್ದರೆ, ಕೆಂಪು ರಕ್ತ ನಿಲ್ಲದೆ ಹೋಗುತ್ತಿದ್ದರೆ, ಮೈ ತಣ್ಣಗಾಗಿ ಅವಳು ಮುದುಡಿ ಕುಳಿತರೆ ಕೂಡಲೇ ಕರೆದೊಯ್ಯಿರಿ. ಅವಳು ಮಾಸನ್ನು ತಿನ್ನುವುದು ಕಂಡರೆ ಹೆದರಬೇಡಿ. ಸತ್ತು ಹುಟ್ಟಿದ ಮರಿಯನ್ನೂ ತಿನ್ನಬಹುದು. ಗೂಡು ಶುಚಿಯಾಗಿಡುವ ಅವಳ ರೀತಿ ಅದು, ಮಗಳಿಗೂ ಮೊದಲೇ ತಿಳಿಸಿಡಿ.

ಮೀರಾ ರೋಡ್ ಅಮ್ಮ · ಮೇ 28, ಬೆಳಿಗ್ಗೆ 11.10

ನೇರವಾಗಿ ಕೇಳುತ್ತಿದ್ದೇನೆ, ಬೇಸರ ಬೇಡ. ಇದೇ ಮುಂಬಯಿಗೆ 1896ರಲ್ಲಿ ಪ್ಲೇಗು ಬಂತು. ನಮ್ಮೂರಿನಲ್ಲಿ ಇಂದಿಗೂ ಪ್ಲೇಗಮ್ಮನಿಗೆ ಪೂಜೆ ನಡೆಯುತ್ತದೆ. ಪ್ರತಿ ಮಳೆಗಾಲದಲ್ಲೂ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿ ಜ್ವರ, ಎಂದು ಕೇಳುತ್ತೇವೆ. ಪಾಲಿಕೆಯವರು ರಾತ್ರಿ ಟಾರ್ಚು ಕೋಲು ಹಿಡಿದು ಇಲಿ ಹೊಡೆಯುವ ಊರಿನಲ್ಲಿ, ಮಕ್ಕಳಿರುವ ಮನೆಯೊಳಗೆ ಇದು ಸರಿಯೇ?

ಕೊಥ್ರೂಡ್ ಇಲಿಮನೆ · ಮೇ 28, ಮಧ್ಯಾಹ್ನ 1.25

ಬೇಸರವಿಲ್ಲ ಅಮ್ಮ, ಕೇಳಲೇಬೇಕಾದ ಪ್ರಶ್ನೆ. ಲೆಪ್ಟೊಸ್ಪೈರೋಸಿಸ್ ರೋಗಾಣು ಸೋಂಕಿರುವ ಪ್ರಾಣಿಯ ಮೂತ್ರದಿಂದ ನೀರಿಗೆ, ಕೆಸರಿಗೆ ಸೇರಿ, ನಮ್ಮ ಗಾಯದ ಮೂಲಕ ಒಳಗೆ ಬರುತ್ತದೆ. ಗಟಾರದ ಇಲಿಗೂ ಡಬ್ಬದೊಳಗಿನ ರಾಗಿಗೂ ಸಂಪರ್ಕವೇ ಆಗದಂತೆ ನೋಡಿಕೊಂಡರೆ ಅಪಾಯ ಬಹಳ ಕಡಿಮೆ, ಆದರೆ ಸೊನ್ನೆಯಲ್ಲ. ಮೋರಿಗೆ ಜಾಲರಿ, ರಾತ್ರಿ ಕಿಟಕಿ ಭದ್ರ. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದು, ಮುಖಕ್ಕೆ ಹತ್ತಿರ ಒಯ್ಯದಿರುವುದು, ಕಚ್ಚಿದರೆ ತೊಳೆದು ವೈದ್ಯರಿಗೆ ತೋರಿಸುವುದು, ಇವು ನಮ್ಮ ಮನೆಯ ನಿಯಮಗಳು. ತೀರಾ ಚಿಕ್ಕ ಮಕ್ಕಳು, ಗರ್ಭಿಣಿಯರು ಇರುವ ಮನೆಗೆ ನಾನೇ ಇಲಿ ಬೇಡ ಎನ್ನುತ್ತೇನೆ. ಹೊರಗಿನ ಇಲಿ ಒಳಗೆ ಬಂದರೆ ಮರಿಗಳನ್ನೂ ಉಳಿಸುವುದಿಲ್ಲ, ಆದ್ದರಿಂದ ಈ ಎಚ್ಚರ ಎರಡೂ ಕಡೆಗೆ ಬೇಕು.

ಡೊಂಬಿವಲಿಯ ಧಾರವಾಡದವಳು · ಜೂನ್ 4, ಬೆಳಿಗ್ಗೆ 5.50

ರಾಗಿ ಹೆತ್ತಳು! ರಾತ್ರಿ 2ರ ಸುಮಾರಿಗೆ ಕಾಗದ ಸರಸರ ಎನ್ನುವ ಸದ್ದಿಗೆ ಎಚ್ಚರವಾಯಿತು. ದೀಪ ಹಚ್ಚಲಿಲ್ಲ, ಮೊಬೈಲಿನ ಬೆಳಕನ್ನು ಗೋಡೆಗೆ ತಿರುಗಿಸಿ ದೂರದಿಂದ ನೋಡಿದೆ. ಹಿಂಗಾಲುಗಳ ಮೇಲೆ ಕುಳಿತು, ಪಕ್ಕೆ ಒಳಕ್ಕೆ ಎಳೆದುಕೊಂಡು, ತಲೆ ಬಗ್ಗಿಸಿ ಮರಿಯನ್ನು ತಾನೇ ಹಲ್ಲಿನಲ್ಲಿ ಮೆಲ್ಲಗೆ ಹಿಡಿದು ಹೊರಗೆ ತೆಗೆದಳು. ಎರಡೂ ಕೈಯಲ್ಲಿ ಅದನ್ನು ತಿರುಗಿಸುತ್ತ, ನೆಕ್ಕುತ್ತ, ಹೊಕ್ಕುಳ ಬಳ್ಳಿ ಕತ್ತರಿಸಿ ಹೊಟ್ಟೆಯ ಕೆಳಗೆ ಸರಿಸಿದಳು. ಸುಲಿಯದ ಶೇಂಗಾ ಕಾಯಿಯಷ್ಟು ಉದ್ದ, ನಸುಗೆಂಪು, ಕಣ್ಣಿನ ಜಾಗದಲ್ಲಿ ಚರ್ಮದಡಿ ಒಂದು ಕಪ್ಪು ಚುಕ್ಕೆ. ಮಗಳು ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಿದ್ದಳು. ಅತ್ತೆ ಬಾಗಿಲಲ್ಲೇ ನಿಂತು "ಯಾರೂ ಮಾತಾಡಬೇಡಿ" ಎಂದರು.

ಎಷ್ಟು ಎಂದು ಇನ್ನೂ ಎಣಿಸಿಲ್ಲ. ಕೈ ಹಾಕಬಹುದೇ? ಮನುಷ್ಯರ ವಾಸನೆ ತಾಗಿದರೆ ತಾಯಿ ಬಿಟ್ಟುಬಿಡುತ್ತಾಳೆ ಎನ್ನುತ್ತಾರೆ.

ಪರೇಲ್ ನಿವೃತ್ತ · ಜೂನ್ 4, ಬೆಳಿಗ್ಗೆ 6.15

ಒಳ್ಳೆಯ ಸುದ್ದಿ ತಂಗೀ. ನಿಮ್ಮ ಕೈಯ ಪರಿಚಯವಿರುವ ತಾಯಿ ಅಷ್ಟಕ್ಕೆ ಮರಿಗಳನ್ನು ಬಿಡುವುದಿಲ್ಲ. ಅವಳನ್ನು ಕೆಡಿಸುವುದು ಗದ್ದಲ, ಅಪರಿಚಿತರು, ಪದೇ ಪದೇ ಇಣುಕುವುದು. ತೀರಾ ದಿಗಿಲುಬಿದ್ದ ತಾಯಿ ಮರಿಗಳನ್ನು ಕೊಲ್ಲುವುದೂ ಉಂಟು. ಇವತ್ತು ಒಮ್ಮೆ, ಅವಳು ತಾನಾಗಿ ತಿನ್ನಲು ಎದ್ದಾಗ, ಕೈ ತೊಳೆದು, ಗೂಡಿನ ಕಾಗದಕ್ಕೇ ಕೈ ಉಜ್ಜಿಕೊಂಡು, ಒಂದೇ ನಿಮಿಷದಲ್ಲಿ ಎಣಿಸಿ. ಸತ್ತದ್ದಿದ್ದರೆ ತೆಗೆಯಿರಿ. ಹೊಟ್ಟೆಯ ಎಡಭಾಗದಲ್ಲಿ ಚರ್ಮದ ಮೂಲಕ ಬಿಳಿ ಪಟ್ಟಿ ಕಾಣುತ್ತದೆ, ಅದು ಕುಡಿದ ಹಾಲು. ಆ ಪಟ್ಟಿ ಕಂಡ ಮರಿಯ ಚಿಂತೆ ಬೇಡ.

ನಮ್ಮ ಕಿವಿಗೆ ಗೂಡು ಮೌನವಾಗಿ ಕಾಣುತ್ತದೆ, ಆದರೆ ಗೂಡಿನಾಚೆ ಬಿದ್ದ ಮರಿ ಸುಮಾರು 40 ಕಿಲೋಹರ್ಟ್ಸ್‌ನಲ್ಲಿ ಕೂಗುತ್ತದೆ. ತಾಯಿಗೆ ಅದು ಕೇಳಿಸುತ್ತದೆ, ಬಂದು ಎತ್ತಿಕೊಂಡು ಹೋಗುತ್ತಾಳೆ. ಅವಳು ನೆಕ್ಕುವುದು ಶುಚಿಗಾಗಿ ಮಾತ್ರವಲ್ಲ. ನೆಕ್ಕದಿದ್ದರೆ ಮರಿಗೆ ಮೂತ್ರವೇ ಹೋಗದು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮೈಕಲ್ ಮೀನಿ ಅವರ ತಂಡ 1997ರಲ್ಲಿ ತೋರಿಸಿಕೊಟ್ಟ ಸಂಗತಿ ಇದು: ತಾಯಿ ಹೆಚ್ಚು ನೆಕ್ಕಿ ಬೆಳೆಸಿದ ಮರಿಗಳು ದೊಡ್ಡವಾದ ಮೇಲೂ ಒತ್ತಡಕ್ಕೆ ಕಡಿಮೆ ಬೆದರುತ್ತವೆ. ಅವಳ ಆ ಸಮಯವನ್ನು ಅವಳಿಗೆ ಬಿಟ್ಟುಕೊಡಿ.

ಡೊಂಬಿವಲಿಯ ಧಾರವಾಡದವಳು · ಜೂನ್ 5, ರಾತ್ರಿ 9.00

ಹನ್ನೊಂದು ಹುಟ್ಟಿದ್ದವು, ಒಂದು ಸತ್ತಿತ್ತು. ಉಳಿದ ಹತ್ತನ್ನು ಒಟ್ಟಿಗೆ ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ 58 ಗ್ರಾಂ. ಒಂಬತ್ತಕ್ಕೆ ಹಾಲಿನ ಪಟ್ಟಿ ಇದೆ. ಒಂದು ತೀರಾ ಸಣ್ಣದು, ಪಟ್ಟಿ ಕಾಣುತ್ತಿಲ್ಲ. ಅದಕ್ಕೆ ಹಸುವಿನ ಹಾಲು ಹನಿಸಲೇ?

ಮೊಟ್ಟೆಯ ಸಮಸ್ಯೆ ಬಗೆಹರಿಯಿತು. "ಬಾಣಂತಿಗೆ ಬೇಕಾದದ್ದನ್ನು ಇಲ್ಲ ಎನ್ನಬಾರದು, ಪಾತ್ರೆ ಮಾತ್ರ ಬೇರೆ ಇರಲಿ" ಎಂದರು ಅತ್ತೆ. ಪಕ್ಕದ ಮಂಗಳೂರಿನವರ ಮನೆಯಿಂದ ಬೇಯಿಸಿದ ಮೊಟ್ಟೆ ಬರುತ್ತಿದೆ.

ವಾಸ್ಕೋ ಟೀಚರ್ · ಜೂನ್ 5, ರಾತ್ರಿ 9.20

ಹಸುವಿನ ಹಾಲು ಬೇಡ, ಭೇದಿಯಾಗುತ್ತದೆ. ಪಿಪೆಟ್ಟಿನಲ್ಲಿ ಹನಿಸಿದರೆ ಶ್ವಾಸಕೋಶಕ್ಕೆ ಹೋಗುವ ಭಯವೂ ಇದೆ. ಮೊದಲು ಅದಕ್ಕೆ ತಾಯಿಯ ಹತ್ತಿರ ಜಾಗ ಮಾಡಿಕೊಡಿ. ತಾಯಿಗೆ ಹನ್ನೆರಡು ಮೊಲೆತೊಟ್ಟುಗಳಿವೆ, ಆದರೆ ದಪ್ಪ ಮರಿಗಳು ಸಣ್ಣದನ್ನು ತಳ್ಳುತ್ತವೆ. ದಪ್ಪ ಐದನ್ನು ಬೆಚ್ಚಗಿನ ಪುಟ್ಟ ಡಬ್ಬದಲ್ಲಿ ಇಪ್ಪತ್ತು ನಿಮಿಷ ಬೇರೆ ಇಟ್ಟು, ಸಣ್ಣದಕ್ಕೆ ಕುಡಿಯಲು ಬಿಡಿ. ದಿನಕ್ಕೆ ಮೂರ್ನಾಲ್ಕು ಬಾರಿ. ಅದರಿಂದಲೂ ಆಗದಿದ್ದರೆ ಬೆಕ್ಕಿನ ಮರಿಗಳ ಹಾಲಿನ ಪುಡಿಯನ್ನು ಉಗುರುಬೆಚ್ಚಗೆ ಕಲಸಿ, ಚಿತ್ರ ಬಿಡಿಸುವ ಸಣ್ಣ ಕುಂಚದ ತುದಿಯಿಂದ ತುಟಿಗೆ ತಾಗಿಸಿ. ಅದೇ ಹೀರಿಕೊಳ್ಳಲಿ. ಎರಡು ಗಂಟೆಗೊಮ್ಮೆ, ರಾತ್ರಿಯೂ. ಮೈ ತಣ್ಣಗಿರುವ ಮರಿಗೆ ಹಾಲು ಕೊಡಬೇಡಿ, ಮೊದಲು ಅಂಗೈಯಲ್ಲಿ ಬೆಚ್ಚಗೆ ಮಾಡಿ.

ಡೊಂಬಿವಲಿಯ ಧಾರವಾಡದವಳು · ಜೂನ್ 7, ಬೆಳಿಗ್ಗೆ 7.30

ಸಣ್ಣದು ನಸುಕಿನಲ್ಲಿ ಹೋಯಿತು. ಎರಡು ರಾತ್ರಿ ನಾನೂ ಮಗಳೂ ಸರದಿಯಲ್ಲಿ ಎದ್ದೆವು. ನಿನ್ನೆ ಸಂಜೆ ಒಂದಿಷ್ಟು ಹಾಲಿನ ಪಟ್ಟಿ ಕಂಡಿತ್ತು, ಬದುಕೀತು ಎಂದುಕೊಂಡಿದ್ದೆವು. ಬಾಲ್ಕನಿಯ ಚೆಂಡುಹೂವಿನ ಕುಂಡದಲ್ಲಿ ಮಣ್ಣು ಮಾಡಿದೆವು. ಮಗಳು ಇವತ್ತು ಶೇಂಗಾ ಚಟ್ನಿ ಮುಟ್ಟಲಿಲ್ಲ.

ಪರೇಲ್ ನಿವೃತ್ತ · ಜೂನ್ 7, ಬೆಳಿಗ್ಗೆ 8.00

ಮಗಳಿಗೆ ಹೇಳಿ, ಅವಳ ಆರೈಕೆಯಲ್ಲಿ ಕೊರತೆ ಇರಲಿಲ್ಲ. ಎಲ್ಲ ಅನುಕೂಲವಿದ್ದ ನಮ್ಮ ಪ್ರಾಣಿಗೃಹದಲ್ಲೂ ಅಂಥವು ಉಳಿಯುತ್ತಿರಲಿಲ್ಲ. ಮಿಕ್ಕ ಒಂಬತ್ತರ ಮೈ ತುಂಬುತ್ತಿದೆಯೇ, ಅದನ್ನು ನೋಡಿ.

ಡೊಂಬಿವಲಿಯ ಧಾರವಾಡದವಳು · ಜೂನ್ 19, ರಾತ್ರಿ 10.00

ಮಳೆ ಹಿಡಿದಿದೆ, ಸೆಕೆಯ ಭಯ ಹೋಯಿತು. ಒಂಬತ್ತೂ ಚೆನ್ನಾಗಿವೆ. ಒಂದು ವಾರಕ್ಕೆ ಮೈಮೇಲೆ ವೆಲ್ವೆಟಿನಂಥ ರೋಮ ಬಂತು. ಹತ್ತನೆಯ ದಿನ ಕೊಥ್ರೂಡಿನ ತಮ್ಮ ಹೇಳಿದಂತೆ ಹೊಟ್ಟೆ ತಿರುಗಿಸಿ ನೋಡಿದೆವು. ರೋಮ ದಟ್ಟವಾಗುವ ಮೊದಲು ಹೆಣ್ಣುಮರಿಗಳ ತೊಟ್ಟುಗಳು ಸಾಲು ಚುಕ್ಕೆಗಳಾಗಿ ಕಾಣುತ್ತವೆ, ಗಂಡಿಗೆ ಇಲ್ಲ. ಐದು ಹೆಣ್ಣು, ನಾಲ್ಕು ಗಂಡು. ನಿನ್ನೆ ಕಣ್ಣು ಬಿಡತೊಡಗಿದವು. ಒಂದು ಮರಿಗೆ ಎಡಗಣ್ಣು ಮಾತ್ರ ತೆರೆದಿತ್ತು, ಅದರಲ್ಲೇ ಮಗಳನ್ನು ನೋಡುತ್ತ ಅವಳ ಅಂಗೈಯಲ್ಲಿ ಕುಳಿತು ಮುಖ ತೊಳೆದುಕೊಂಡಿತು.

ಈಗ ದಿನಕ್ಕೆರಡು ಬಾರಿ ಹತ್ತು ನಿಮಿಷ ಕೈಯಲ್ಲಿ ಹಿಡಿಯುತ್ತೇವೆ. ಎಂದಿನಿಂದ ಬೇರೆ ಮಾಡಬೇಕು?

ಕೊಥ್ರೂಡ್ ಇಲಿಮನೆ · ಜೂನ್ 19, ರಾತ್ರಿ 10.35

ಇನ್ನು ಕೆಲವೇ ದಿನಗಳಲ್ಲಿ ಅಮ್ಮನ ಬಟ್ಟಲಿಗೆ ಬಾಯಿ ಹಾಕುತ್ತವೆ ಅಕ್ಕ. ಮೂರು ವಾರಕ್ಕೆ ಹಾಲು ಬಿಡಿಸಬಹುದು ಎನ್ನುವವರಿದ್ದಾರೆ, ನಾನು ಅವಸರ ಮಾಡುವುದಿಲ್ಲ, ನಾಲ್ಕು ವಾರ ದಾಟಲಿ. ಆದರೆ ಗಂಡುಮರಿಗಳಿಗೆ ಐದು ವಾರ ತುಂಬುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ: ಜುಲೈ 9. ಅಲ್ಲಿಂದಾಚೆಗೆ ಅವು ಅಕ್ಕತಂಗಿಯರನ್ನೂ ತಾಯಿಯನ್ನೂ ಬಸುರು ಮಾಡಬಲ್ಲವು. ಹೆಣ್ಣುಗಳು ರಾಗಿಯ ಜೊತೆಗೇ ಇರಲಿ. ಎರಡು ಹೆಣ್ಣುಗಳನ್ನು ನಾನು ಪುಣೆಗೆ ಕರೆದುಕೊಂಡು ಹೋಗುತ್ತೇನೆ, ಜೋಡಿಯಾಗಿಯೇ.

ಮೀರಾ ರೋಡ್ ಅಮ್ಮ · ಜೂನ್ 20, ಬೆಳಿಗ್ಗೆ 9.45

ದಿನವೂ ಓದುತ್ತಿದ್ದೇನೆ. ಸಾಕುವ ಧೈರ್ಯ ನನಗಿಲ್ಲ. ಆದರೆ ಉಳಿದ ಹೆಣ್ಣುಮರಿಗಳಿಗೆ ಮನೆ ಬೇಕಾದರೆ, ಪಶುವೈದ್ಯ ಕಾಲೇಜಿನಲ್ಲಿ ಓದುವ ನನ್ನ ಅಕ್ಕನ ಮಗಳು ಎರಡನ್ನು ಕೇಳುತ್ತಿದ್ದಾಳೆ.

ಡೊಂಬಿವಲಿಯ ಧಾರವಾಡದವಳು · ಜುಲೈ 9, ರಾತ್ರಿ 11.20

ಇವತ್ತು ನಾಲ್ಕು ಗಂಡುಮರಿಗಳನ್ನು ಅವಲಕ್ಕಿಯ ಹತ್ತಿರ ಬಿಟ್ಟೆವು. ಹಿರಿಯರು ಹೇಳಿದಂತೆ ಅವನ ಪಂಜರದಲ್ಲಲ್ಲ, ಮೊದಲು ಬಾತ್‌ರೂಮಿನ ಒಣ ನೆಲದ ಮೇಲೆ. ಆರು ವಾರಗಳಿಂದ ಒಂಟಿಯಾಗಿದ್ದವನು ಒಮ್ಮೆ ಮೈ ಉಬ್ಬಿಸಿ ನಿಂತ, ನಮಗೆ ಎದೆ ಧಸಕ್ಕೆಂದಿತು. ಆಮೇಲೆ ಒಂದೊಂದನ್ನೇ ಮೂಸಿ, ಮಗುಚಿ ಹಾಕಿ, ಹೊಟ್ಟೆ ನೆಕ್ಕತೊಡಗಿದ. ನೆಕ್ಕಿಸಿಕೊಂಡದ್ದು ಎದ್ದು ಬಂದು ಮತ್ತೆ ಸಾಲಿನಲ್ಲಿ ನಿಲ್ಲುತ್ತಿತ್ತು. ಅರ್ಧ ಗಂಟೆ ನೋಡಿ, ತೊಳೆದ ಪಂಜರಕ್ಕೆ ಎಲ್ಲರನ್ನೂ ಸೇರಿಸಿದೆವು.

ಈಗ ಐದೂ ಮಣ್ಣಿನ ಮಡಕೆಯೊಳಗೆ ಒಂದರ ಮೇಲೊಂದು ಬಿದ್ದು ಮಲಗಿವೆ. ಬಿಳಿ ಬಾಲವೊಂದು ಮಾತ್ರ ಹೊರಗೆ ಇಳಿಬಿದ್ದಿದೆ. ಅತ್ತೆ ನಾಳೆಗೆಂದು ಕಾಗದ ಹರಿಯುತ್ತಾ ಇನ್ನೂ ಅಲ್ಲೇ ಕುಳಿತಿದ್ದಾರೆ.